ಗರಿ ಮೆತ್ತಿದ ಸುಂಕದವ

“ಏನಯ್ಯಾ ಇದು? ಬೆಸುಗೆ ಹಾಕಿದೀಯೋ, ಇಲ್ಲಾ ಕಾಗೆ ಕೂತು ಎದ್ದು ಹೋಗಿದ್ಯೋ?”

ದ್ವಾರಕಾನಾಥ ಸಾಹೇಬರು ಕಂಪ್ಯೂಟರಿನ ಹಸಿರು ಬೋರ್ಡನ್ನು ನನ್ನ ಮೂಗಿಗೆ ತಗಲುವಂತೆ ಹಿಡಿದು ಕೇಳಿದರು. ಶುದ್ಧ ಅನ್ಯಾಯದ ಪ್ರಶ್ನೆ. ಶರಣಪ್ಪ ಹಾಕಿದ ಬೆಸುಗೆ ಎಂದರೆ ಮುತ್ತು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿ ಇದ್ದಾಗ, ನನ್ನ ಕೈ ತಾಗಿದ ರೇಡಿಯೋಗಳು ಮಾಲೀಕ ಸತ್ತ ಹದಿಮೂರನೆಯ ದಿನವೂ ಹಾಡುತ್ತಿದ್ದವು. ಮನೆಯವರು ಬಂದು, ಪುಣ್ಯಾತ್ಮಾ ಇದನ್ನು ನಿಲ್ಲಿಸಿಕೊಡು ಎಂದು ಕಾಲು ಹಿಡಿಯುತ್ತಿದ್ದರು. ಆದರೆ ಅಮೆರಿಕಾದ ಹೇವರ್ಡಿನ ಆ ತಗಡಿನ ಗೋದಾಮಿನಲ್ಲಿ ಹನ್ನೊಂದು ತಾಸು ಬಗ್ಗಿ ಕುಳಿತ ಮೇಲೆ, ನನ್ನ ಬೆರಳು ಯಾವುದು, ಕಾದ ಕಡ್ಡಿ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

“ಚಲೋ ಐತಲ್ರಿ ಸಾಹೇಬ್ರ,” ಎಂದೆ.

“ಚಲೋ ಅಂತೆ, ಚಲೋ! ಬೋಳಿಮಗನೆ, ಕಸ್ಟಮರು ವಾಪಸ್ ಕಳಿಸಿದ್ರೆ ನಿಮ್ಮಪ್ಪ ಕಟ್ಕೊಡ್ತಾನೇನೋ? ಬಿಚ್ಚು. ಪೂರ್ತಿ ಬಿಚ್ಚಿ ಮತ್ತೆ ಹಾಕು. ಬಿಚ್ಚೋ ಟೈಮಿಗೆ ಸಂಬಳ ಇಲ್ಲ.”

ಪಕ್ಕದ ಬೆಂಚಿನಲ್ಲಿ ನೀಲಾಬಾಯಿ ತಲೆ ಎತ್ತದೆ, ತನ್ನ ಕೈಯಲ್ಲಿದ್ದ ಬೋರ್ಡಿಗೆ ಹೇಳುವಂತೆ “ಹಾಟ್ಯಾನ ಮಗ” ಎಂದಳು. ಅದರಾಚೆ ಬಂಗಾರೆವ್ವ ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು. ಬೆಸುಗೆಯ ಹೊಗೆ ಅಲ್ಲಿ ಎಷ್ಟಿತ್ತೆಂದರೆ ಮಧ್ಯಾಹ್ನದ ಹೊತ್ತಿಗೆ ನಾವು ಒಬ್ಬರನ್ನೊಬ್ಬರು ಕೆಮ್ಮಿನ ಮೇಲೆ ಗುರುತು ಹಿಡಿಯಬೇಕಾಗುತ್ತಿತ್ತು. ಇಡೀ ಗೋದಾಮಿಗೆ ಇದ್ದದ್ದು ಒಂದೇ ಫ್ಯಾನು. ಅದು ಸಾಹೇಬರ ಆಫೀಸಿನಲ್ಲಿ ಕಂಪ್ಯೂಟರಿನ ಎದುರು ತಿರುಗುತ್ತಿತ್ತು, ಕಂಪ್ಯೂಟರಿಗೆ ಸೆಕೆ ಆಗಬಾರದು ಎಂದು.

ಇದು ಎಂಬತ್ತಾರನೆಯ ಇಸವಿಯ ಜೂನ್ ತಿಂಗಳ ಮಾತು. ನಾವು ಮೂವರೂ ಅಮೆರಿಕಾ ನೋಡಲು ಬಂದವರು. ಹಾಗಂತ ವೀಸಾದ ಮೇಲೆ ಬರೆದಿತ್ತು. ದ್ವಾರಕಾನಾಥ ಸಾಹೇಬರು ಬೆಂಗಳೂರಿನವರು. ಅಮೆರಿಕಾಕ್ಕೆ ಹಾರುವ ಮುಂಚೆ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಐದು ವರ್ಷ ಎಂಜಿನಿಯರಾಗಿದ್ದರು. ಆಗ ಬಂಗಾರೆವ್ವ ಅವರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ನೀಲಾಬಾಯಿ ಅವರ ಹೆಂಡತಿಯ ಸೀರೆಗಳಿಗೆ ಕಸೂತಿ ಹಾಕುತ್ತಿದ್ದಳು, ನಾನು ಅವರ ರೇಡಿಯೋಕ್ಕೆ ಪ್ರಾಣ ತುಂಬುತ್ತಿದ್ದೆ. ಹೇವರ್ಡಿನಲ್ಲಿ ಕಂಪನಿ ತೆಗೆದ ಮೇಲೆ ಸಾಹೇಬರಿಗೆ ನಮ್ಮ ನೆನಪಾಯಿತು. ಕಸೂತಿ ಹಾಕುವ ಬೆರಳು ಸಾಸಿವೆಯಂಥ ರೆಸಿಸ್ಟರನ್ನೂ ಹಾಕೀತು ಎಂದು ಅವರ ತಲೆಗೆ ಹೊಳೆದದ್ದು ದೊಡ್ಡ ಸಂಶೋಧನೆಯೇ. ಹಿಂದಿನ ವರ್ಷದ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ನಮ್ಮನ್ನು ಅಪ್ಪಿಕೊಂಡು, “ಕಳ್ಕೊಂಡ್ಬಿಡ್ತೀರ, ಇಲ್ಲಿ ಕೊಡಿ,” ಎಂದು ಪಾಸ್‌ಪೋರ್ಟು, ವಾಪಸ್ ಹೋಗುವ ಟಿಕೆಟ್ಟು ಎರಡನ್ನೂ ತೆಗೆದುಕೊಂಡರು. ಅವು ಅವರ ಮನೆಯ ಲಾಕರಿನಲ್ಲಿ ತಣ್ಣಗಿದ್ದವು. ನಾವು ಆ ಒಂದು ವರ್ಷದಲ್ಲಿ ಸುಟ್ಟ ಬೆಸುಗೆ ತಂತಿಯನ್ನು ಉದ್ದಕ್ಕೆ ಎಳೆದರೆ ಹೇವರ್ಡಿನಿಂದ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬರಬಹುದಿತ್ತು. ನಾವು ಮಾತ್ರ ಹೋಗುವ ಹಾಗಿರಲಿಲ್ಲ.

ಸಂಬಳ ಕೊಡುತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಕೊಡುತ್ತಿದ್ದರು. ಕೊಡುವ ಮುಂಚೆ ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು. ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಿಂದ ಗೋದಾಮಿಗೆ ಕರೆತರುವ ವ್ಯಾನಿಗೆ ಹಿಡಿತ, ಹತ್ತು ಗಂಟೆಯ ಚಹಾಕ್ಕೆ ಹಿಡಿತ, ಕೈಗವಸಿಗೆ ಹಿಡಿತ, ಕೈಗವಸು ತೂತು ಬಿದ್ದರೆ ಆ ತೂತಿಗೂ ಹಿಡಿತ. ಇದೆಲ್ಲದರ ಮೇಲೆ ಕನ್ನಡ ಸಂಘದ ವಾರ್ಷಿಕ ಚಂದಾ. ಸಂಘದ ಅಧ್ಯಕ್ಷರಾದ ವೆಂಕಟಾಚಲ ಡಾಕ್ಟರು ಸಾಹೇಬರ ಸ್ನೇಹಿತರು. ಭಾಷಾಭಿಮಾನವನ್ನು ಸಂಬಳದಲ್ಲೇ ಮುರಿದುಕೊಂಡರೆ ನಮಗೆ ನೋವಾಗುವುದಿಲ್ಲ ಎಂದು ಅವರೇ ಕಂಡುಹಿಡಿದದ್ದು. ಮಾರ್ಚಿನಲ್ಲಿ ಸಂಘದ ಚುನಾವಣೆ ನಡೆದಾಗ ನಾನೂ ಕೈ ಎತ್ತಿದೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ನಿಮ್ದು ಸಹಾಯಕ ಸದಸ್ಯತ್ವ ಕಣಪ್ಪ ಶರಣಪ್ಪ. ಊಟಕ್ಕೆ ಬರಬೋದು, ವೋಟಿಗೆ ಬರೋ ಹಾಗಿಲ್ಲ,” ಎಂದರು. ನಾನು ಎತ್ತಿದ ಕೈಯನ್ನು ವ್ಯರ್ಥ ಮಾಡದೆ ಇನ್ನೊಂದು ಸೌಟು ಸಾರು ಕೇಳಿದೆ.

ಇಂಥ ಹೊತ್ತಿನಲ್ಲಿ ಸಾಹೇಬರಿಗೆ ಸ್ವಾತಂತ್ರ್ಯದ ಹುಚ್ಚು ಹಿಡಿಯಿತು.

ಜುಲೈ ನಾಲ್ಕು ಅಮೆರಿಕಾದ ಸ್ವಾತಂತ್ರ್ಯದ ದಿನ. ಆ ವರ್ಷ ಸಂಘದವರು ಸ್ಯಾನ್ ಹೊಸೆಯ ಒಂದು ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಕನ್ನಡದಲ್ಲೇ ಒಂದು ನಾಟಕ ಆಡುವುದೆಂದು ತೀರ್ಮಾನಿಸಿದರು. ಬರೆದವರು ಸಾಹೇಬರೇ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊರೆ ಸಮುದ್ರದಾಚೆ ಕುಳಿತು ಇಲ್ಲಿಯವರ ಮೇಲೆ ಸುಂಕದ ಮೇಲೆ ಸುಂಕ ಹೇರುತ್ತಾನೆ. ಕಾಗದಕ್ಕೆ, ಗಾಜಿಗೆ, ಚಹಾಕ್ಕೆ. ಜನ ರೊಚ್ಚಿಗೇಳುತ್ತಾರೆ. ಕ್ಯಾಪ್ಟನ್ ಜೋಸೆಫ್ ಎಂಬ ಧೀರ, “ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕಲು ನೀನಾರು?” ಎಂದು ಗರ್ಜಿಸಿ, ದೊರೆಯ ಸುಂಕದವನನ್ನು ಹಿಡಿದು, ಮೈಮೇಲೆ ಕಾದ ಡಾಂಬರು ಸುರಿದು, ಕೋಳಿಯ ಗರಿ ಮೆತ್ತಿ ಊರೆಲ್ಲ ಮೆರೆಸುತ್ತಾನೆ. ಆ ಕಾಲದಲ್ಲಿ ಇಲ್ಲಿ ನಿಜವಾಗಿಯೂ ಹಾಗೆ ಮಾಡುತ್ತಿದ್ದರಂತೆ.

ಕ್ಯಾಪ್ಟನ್ ಜೋಸೆಫ್ ಯಾರು ಎಂದು ಕೇಳಬೇಕೆ? ಸಾಹೇಬರು. ದಂಗೆಯೆದ್ದ ಜನರು ಯಾರು? ಆರು ಮಂದಿ ಎಂಜಿನಿಯರು, ಇಬ್ಬರು ಡಾಕ್ಟರು. ಸುಂಕದವನಾಗಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಒಬ್ಬರಿಗೆ ಅಲರ್ಜಿ, ಇನ್ನೊಬ್ಬರಿಗೆ ಸೋಮವಾರ ಮೀಟಿಂಗು. ಹೀಗಾಗಿ ಪಾತ್ರ ನನ್ನನ್ನೇ ಹುಡುಕಿಕೊಂಡು ಬಂತು. ನಾನೇನು ಕಡಿಮೆ ನಟನೇ? ನಮ್ಮೂರ ದೊಡ್ಡಾಟದಲ್ಲಿ ನಾನು ರಾಕ್ಷಸ ಹಾಕಿ ಒಂದು ಕೂಗು ಹಾಕಿದರೆ ಮೂರು ಹಳ್ಳಿಯ ಎಮ್ಮೆಗಳು ಹಗ್ಗ ಹರಿದುಕೊಳ್ಳುತ್ತಿದ್ದವು, ನಾಲ್ಕನೆಯ ಹಳ್ಳಿಯಲ್ಲಿ ಹಾಲು ಒಡೆಯುತ್ತಿತ್ತು. ದಂಗೆಕೋರರ ಎಂಟು ಕೋಟು ಹೊಲಿಯುವ ಕೆಲಸ ನೀಲಾಬಾಯಿಗೆ. ಇನ್ನೂರು ಜನರ ಅಡಿಗೆ ಬಂಗಾರೆವ್ವನಿಗೆ. ಇದು ಸೇವೆಯಾದ್ದರಿಂದ ಸಂಬಳದ ಮಾತೇ ಇಲ್ಲ.

ನಾಟಕಕ್ಕೆ ವಾರವಿದ್ದಾಗ ಬಂಗಾರೆವ್ವನಿಗೆ ಊರಿನಿಂದ ಕಾಗದ ಬಂತು. ಓದಿದವನು ನಾನೇ. ಮಗಳಿಗೆ ಏಳು ತಿಂಗಳು ತುಂಬಿದೆ, ಚೊಚ್ಚಲು, ಕೈಕಾಲು ಬಾತಿವೆ, ಅವ್ವ ಬಂದರೆ ಮಾತ್ರ ಧೈರ್ಯ ಎಂದು ಅಳಿಯ ಬರೆದಿದ್ದ. ಬಂಗಾರೆವ್ವನಿಗೆ ಇದ್ದವಳು ಅವಳೊಬ್ಬಳೇ. ವಾಪಸ್ ಟಿಕೆಟ್ಟಿನ ಅವಧಿ ಒಂದೇ ವರ್ಷ. ಜುಲೈ ಹತ್ತೊಂಬತ್ತಕ್ಕೆ ಮುಗಿಯುತ್ತಿತ್ತು. ಅದು ತಪ್ಪಿದರೆ ಇನ್ನೊಂದು ಟಿಕೆಟ್ಟು ಕೊಳ್ಳಲು ಬಂಗಾರೆವ್ವ ಇನ್ನೊಂದು ಜನ್ಮ ಬೆಸುಗೆ ಹಾಕಬೇಕು.

ಭಾನುವಾರಗಳಂದು ಅವಳು ಸಾಹೇಬರ ಮನೆಯಲ್ಲಿ ವಾರಕ್ಕಾಗುವಷ್ಟು ರೊಟ್ಟಿ ಬಡಿಯುತ್ತಿದ್ದಳು. ಆ ಭಾನುವಾರ ನಾನೂ ಹೋಗಿದ್ದೆ, ರಿಹರ್ಸಲ್ಲಿಗೆ ಜಾಗವಾಗಲೆಂದು ಅವರ ಸೋಫಾ ಎತ್ತಿಡಲು. ಆನೆಯಂಥ ಸೋಫಾ; ನಾನು ಒಂದೇ ಕೈಯಲ್ಲಿ ಎತ್ತಿದೆ, ಇನ್ನೊಂದು ಕೈಯಲ್ಲಿ ಕುರ್ಚಿ ಇತ್ತು. ಸಾಹೇಬರು ಹಾಲಿನ ಕನ್ನಡಿಯ ಮುಂದೆ ಹತ್ತಿಯ ಬಿಳಿಗೂದಲ ಟೋಪನ್ನು ತಲೆಗೆ ಇಟ್ಟುಕೊಂಡು ಮಾತು ಬಾಯಿಪಾಠ ಮಾಡುತ್ತಿದ್ದರು.

“ಎಲವೋ ದೊರೆಯೇ! ಮನುಷ್ಯನನ್ನು ಕಟ್ಟಿಹಾಕುವ ಸರಪಳಿ ಇನ್ನೂ ಹುಟ್ಟಿಲ್ಲ!”

ಬಂಗಾರೆವ್ವ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಸಾಹೇಬ್ರ, ನನ್ನ ಪಾಸ್‌ಪೋರ್ಟ ಕೊಡ್ರಿ. ಮಗಳ ಹಡಿಯಾಕ ಬಂದಾಳ. ಹೋಗಿ ಬರ್ತೀನಿ.”

“ಸೆಪ್ಟೆಂಬರಲ್ಲಿ ನೋಡೋಣ ಬಂಗಾರೆವ್ವ. ಆರ್ಡರು ಮುಗೀಲಿ,” ಎಂದರು ಕನ್ನಡಿಗೇ. “ಸರಪಳಿ ಇನ್ನೂ ಹುಟ್ಟಿಲ್ಲ! ಆಮೇಲೇನು... ಹಾಂ, ಎದೆಗೆ ಗುಂಡು ಬಿದ್ದರೂ ಸರಿ...”

“ಸೆಪ್ಟೆಂಬರದಾಗ ಕೂಸಿಗೆ ಹೆಸರಾ ಇಟ್ಟು ಮುಗಿಸಿರ್ತಾರ್ರಿ. ಟಿಕೀಟ ಬರೋ ತಿಂಗಳ ಹತ್ತೊಂಬತ್ತಕ್ಕ ಸಾಯತೈತಿ.”

ಸಾಹೇಬರ ಹೆಂಡತಿ ಪದ್ಮಜಾ ಅಮ್ಮ ಸೋಫಾದಲ್ಲಿ ಕುಳಿತು ಕೋಟಿನ ಗುಂಡಿ ಆರಿಸುತ್ತಿದ್ದರು. (ಹೌದು, ನಾನು ಎತ್ತಿದಾಗ ಅವರೂ ಅದರ ಮೇಲೇ ಇದ್ದರು.) “ಅಯ್ಯೋ ಬಂಗಾರೆವ್ವ, ಈಗಿನ ಕಾಲದಲ್ಲಿ ಆಸ್ಪತ್ರೇಲಿ ಎಲ್ಲಾ ನೋಡ್ಕೋತಾರೆ. ನಾನು ಶೈಲೂನ ಹೆತ್ತಾಗ ನಮ್ಮಮ್ಮ ಬಂದಿದ್ರಾ? ನೀನು ಹೊರಟ್ಹೋದ್ರೆ ನಮ್ಮ ಯಜಮಾನ್ರಿಗೆ ರೊಟ್ಟಿ ಯಾರು ಮಾಡ್ಕೊಡ್ತಾರೆ?”

“ನೀವು ಹಡದಾಗ ಎಣ್ಣಿ ಹಚ್ಚಿದಾಕಿ ನಾನ ಅಲ್ರಿ ಅಕ್ಕಾರ, ಹುಬ್ಬಳ್ಳ್ಯಾಗ? ನಲವತ್ತು ದಿನಾ.”

ಪದ್ಮಜಾ ಅಮ್ಮನಿಗೆ ಒಮ್ಮೆಲೇ ಗುಂಡಿಯ ಬಣ್ಣ ಹೊಂದುತ್ತಿಲ್ಲ ಎಂದು ಅನ್ನಿಸಿತು. ಸಾಹೇಬರು ಟೋಪನ್ನು ತೆಗೆದು ತಿರುಗಿದರು.

“ನೋಡು, ತಲೆ ತಿನ್ಬೇಡ. ನಿಮ್ಮನ್ನ ಕರ್ಕೊಂಡ್ಬರೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ಊರಲ್ಲಿ ಮುಸುರೆ ತಿಕ್ಕೊಂಡಿದ್ದೋಳು ಇವತ್ತು ಕಂಪ್ಯೂಟರು ಮಾಡ್ತಿದೀಯ. ಹೋಗು, ರೊಟ್ಟಿ ಸೀಯ್ತಾ ಇದೆ.”

ರೊಟ್ಟಿ ನಿಜಕ್ಕೂ ಸೀಯುತ್ತಿತ್ತು. ಬಂಗಾರೆವ್ವ ಹೋಗಿ ಅದನ್ನು ಬರಿಗೈಯಲ್ಲಿ ತಿರುವಿ ಹಾಕಿದಳು. ಸಾಹೇಬರು ಎದೆಗೆ ಗುಂಡು ಬೀಳುವ ಮಾತನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಜುಲೈ ನಾಲ್ಕರ ಮಧ್ಯಾಹ್ನ ಸಭಾಂಗಣದಲ್ಲಿ ಇನ್ನೂರು ಜನ. ಲಕ್ಷ ಎಂದು ಹೇಳಲು ನನಗೆ ಆಸೆಯೇ, ಆದರೆ ಕುರ್ಚಿಗಳನ್ನು ಹಾಕಿದವನು ನಾನೇ. ರೇಷ್ಮೆ ಸೀರೆಗಳು, ಟೈಗಳು, ಮುಂದಿನ ಸಾಲಿನಲ್ಲಿ ಯಾರೋ ಬಿಳಿಯ ಅತಿಥಿ. ವೆಂಕಟಾಚಲ ಡಾಕ್ಟರು ಮೈಕಿನಲ್ಲಿ ಅಮೆರಿಕಾ ಮತ್ತು ಕರ್ನಾಟಕ ಎರಡೂ ಸ್ವಾತಂತ್ರ್ಯಪ್ರಿಯ ನಾಡುಗಳೆಂದು ಹೇಳಿ, ಊಟ ನಾಟಕದ ಆಮೇಲೆ ಎಂದು ಎಚ್ಚರಿಸಿದರು. ಇಲ್ಲದಿದ್ದರೆ ಜನ ನಿಲ್ಲುವುದಿಲ್ಲ ಎಂಬುದು ಅವರ ಅನುಭವ. ಪರದೆಯ ಪಕ್ಕ ಸಾಹೇಬರ ಮಗಳು ಶೈಲಜಾ, ಹದಿನಾರರ ಹುಡುಗಿ, ಮಾತು ಮರೆತವರಿಗೆ ಹೇಳಿಕೊಡಲು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಪ್ರತಿ ಹಿಡಿದು ಕುಳಿತಿದ್ದಳು.

ನಾನು ಕೆಂಪು ಕೋಟು ತೊಟ್ಟು ರಂಗಕ್ಕೆ ಬಂದದ್ದೇ ಸಭೆ ನಡುಗಿತು. ದೊರೆಯ ಆಜ್ಞೆಯ ಸುರುಳಿ ಬಿಚ್ಚಿದೆ.

“ಕೇಳಿರಿ ಕೇಳಿರಿ! ಮಹಾಪ್ರಭುಗಳ ಅಪ್ಪಣೆ! ಕಾಗದದ ಮೇಲೆ ಸುಂಕ!”

ದಂಗೆಕೋರ ಎಂಜಿನಿಯರುಗಳು “ಶೇಮ್! ಶೇಮ್!” ಎಂದರು. ಅದು ನಾಟಕದಲ್ಲೇ ಇತ್ತು.

“ಗಾಜಿನ ಮೇಲೆ ಸುಂಕ!”

“ಶೇಮ್! ಶೇಮ್!” ಈಗ ಸಭಿಕರೂ ಸೇರಿಕೊಂಡರು.

“ಚಹಾದ ಮೇಲೆ ಸುಂಕ!”

ಇನ್ನೂರು ಬಾಯಿ, ಇನ್ನೂರು ಶೇಮು. ಅಷ್ಟು ದೊಡ್ಡ ಸದ್ದು ಕೇಳಿದ ಮೇಲೆ ನಟನಾದವನು ತಡೆದುಕೊಳ್ಳುವುದು ಹೇಗೆ? ಸುರುಳಿ ಅಲ್ಲಿಗೇ ಮುಗಿದಿತ್ತು. ನಾನು ಮುಗಿಸಲಿಲ್ಲ.

“ಹತ್ತು ಗಂಟೆಯ ಚಹಾದ ಮೇಲೆ ಬೇರೆ ಸುಂಕ! ಕೈಗವಸಿನ ಮೇಲೆ ಸುಂಕ! ಕೈಗವಸಿನ ತೂತಿನ ಮೇಲೆ ಸುಂಕ! ಕುದುರೆಗಾಡಿಯಲ್ಲಿ ಹೇವರ್ಡಿಗೆ ಹೋಗಿಬರಲು ಸುಂಕ! ಸಂಘದ ಚಂದಾ ಸುಂಕ, ಸಾರು ಉಂಟು ವೋಟು ಇಲ್ಲ!”

“ಶೇಮ್! ಶೇಮ್!” ಎಂದು ಸಭೆ ನಗುನಗುತ್ತಾ ಕುರ್ಚಿ ಕುಟ್ಟಿತು. ವೆಂಕಟಾಚಲ ಡಾಕ್ಟರು ಕೂಡ ಎರಡು ಶೇಮ್ ಕೂಗಿದ ಮೇಲೆಯೇ ಬಾಯಿ ಮುಚ್ಚಿದ್ದು.

ಸಾಹೇಬರು ನಗಲಿಲ್ಲ. ಪರದೆಯ ಹಿಂದೆ ಬಂಗಾರೆವ್ವ ವಿದ್ಯುತ್ ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟುಕೊಂಡು ನಿಂತಿದ್ದಳು. ಡಾಂಬರಿನ ಬದಲು ಅದು. ನೋಡಲು ಕಪ್ಪಗೆ, ಬಿದ್ದರೆ ಉಗುರುಬೆಚ್ಚಗೆ ಎಂದು ಮಾತಾಗಿತ್ತು. ಸಾಹೇಬರು ಪಾತ್ರೆಗೆ ಕೈ ಹಾಕಿದರು.

“ಇನ್ನೂ ಬಿಸಿ ಐತ್ರಿ ಸಾಹೇಬ್ರ. ಚೂರು ತಾಳ್ರಿ, ಆರಸ್ತೀನಿ.”

“ಬಿಸಿ ಇದ್ರೇನೇ ಹಬೆ ಕಾಣೋದು. ಬಿಡು.”

ಹಬೆ ಚೆನ್ನಾಗಿ ಕಂಡಿತು. ಹಿಂದಿನ ಸಾಲಿನವರೆಗೂ ಕಂಡಿತಂತೆ. ಕತ್ತಿನಿಂದ ಬೆನ್ನಿಗೆ ಪಾಕ ಇಳಿದಾಗ ನಾನು ಹಾಕಿದ ಕೂಗಿಗೆ ನಮ್ಮೂರ ಎಮ್ಮೆಗಳು ಇರಬೇಕಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಏನ್ ಆಕ್ಟಿಂಗು ರೀ!” ಎಂದು ಮುಂದಿನ ಸಾಲಿನಲ್ಲಿ ಒಬ್ಬರು ಹೇಳಿದ್ದು ನನಗೆ ಕೇಳಿಸಿತು. ಎಂಜಿನಿಯರುಗಳು ಎರಡು ದಿಂಬು ಹರಿದು ಗರಿ ಸುರಿದರು. ಕ್ಯಾಪ್ಟನ್ ಜೋಸೆಫ್ ನನ್ನ ಬೆನ್ನಿಗೆ ಬೂಟುಗಾಲು ಇಟ್ಟು, ಬಲಗೈ ಎತ್ತಿ, “ಎಲವೋ ದೊರೆಯೇ!” ಎಂದು ತೊಡಗಿದರು.

ಆಗ ಬಂಗಾರೆವ್ವ ರಂಗಕ್ಕೆ ಬಂದಳು.

ನಮ್ಮ ಕಡೆ ನಾಟಕದಲ್ಲಿ ಆಹೇರಿ ಎಂಬುದೊಂದುಂಟು. ಪಾತ್ರಧಾರಿ ಮನಸ್ಸಿಗೆ ಹಿಡಿಸಿದರೆ ನೋಡುವವರು ಪರದೆ ಬೀಳುವ ತನಕ ಕಾಯುವುದಿಲ್ಲ. ಯುದ್ಧ ನಡೆಯುತ್ತಿರಲಿ, ಹೆಣ ಬಿದ್ದಿರಲಿ, ನೇರ ರಂಗ ಹತ್ತಿ ಟಾವೆಲ್ಲೋ ನೋಟೋ ಕೊಡುತ್ತಾರೆ. ನಾಟಕ ಅಲ್ಲೇ ನಿಲ್ಲುತ್ತದೆ. ಕೊಟ್ಟವರ ಹೆಸರನ್ನು, ಅವರು ಹೇಳಿಸಿದ ಮಾತನ್ನು, ಒಂದಕ್ಷರ ಬಿಡದೆ ಕೂಗಿ ಹೇಳಬೇಕು. ಆಮೇಲೆ ಹೆಣ ಮತ್ತೆ ಮಲಗುತ್ತದೆ. ಆಹೇರಿ ತಡೆದವನು ನಾಟಕದವನೇ ಅಲ್ಲ. ಬೆಂಗಳೂರಿನವರಿಗೆ ಇದು ಗೊತ್ತಿಲ್ಲ. ನೀರು ತಂದಿದ್ದಾಳೆ ಎಂದುಕೊಂಡರು.

ಅವಳು ಮೊದಲು ಒದ್ದೆ ಟಾವೆಲ್ಲನ್ನು ನನ್ನ ಕತ್ತಿಗೆ ಹಾಕಿದಳು. ಆ ತಂಪನ್ನು ನಾನು ಬಣ್ಣಿಸಲಾರೆ.

“ಕೂಗೋ ಶರಣ್ಯಾ,” ಎಂದಳು.

ಕೂಗಿದೆ. “ಧಾರವಾಡ ಜಿಲ್ಲಾ, ರೋಣ ತಾಲೂಕಿನ ಬಂಗಾರೆವ್ವ ಅವರ ಕಡೆಯಿಂದ, ಸುಂಕದವನ ಪಾತ್ರಧಾರಿಗೆ ಒಂದು ಟಾವೆಲ್ಲು ಆಹೇರಿ!”

ಜನ ನಕ್ಕು ಚಪ್ಪಾಳೆ ಹೊಡೆದರು. ಸಾಹೇಬರ ಬೂಟು ಇನ್ನೂ ನನ್ನ ಬೆನ್ನ ಮೇಲಿತ್ತು. ಬಂಗಾರೆವ್ವ ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಇಂಡಿಯನ್ ಗ್ರೋಸರಿ ಅಂಗಡಿಯಿಂದ ತಂದ ಒಂದು ಡಜನ್ ಹಸಿರು ಗಾಜಿನ ಬಳೆ.

“ಇವು ಕ್ಯಾಪ್ಟನ್ ಸಾಹೇಬ್ರಿಗೆ. ನನ್ನ ಬಸುರಿ ಮಗಳ ಕುಬಸಕ್ಕ ತಂದಿದ್ದೆ. ನನ್ನ ಪಾಸ್‌ಪೋರ್ಟ ಅವರ ಮನಿ ಲಾಕರಿನ್ಯಾಗ ಐತಿ, ಕೊಡವೊಲ್ರು. ನಾ ಹೋಗಾಂಗಿಲ್ಲ ಅಂದ ಮ್ಯಾಲ ಬಳಿ ನನಗ್ಯಾಕ? ಅವರಾ ಇಟ್ಕೊಳ್ಳಿ. ಕೂಗು.”

ಈ ಸಲ ಕೂಗಲು ಹಿಂಜರಿದ ಬಾಯಿ ನನ್ನದು. ಹೌದು, ನನ್ನದೇ. ಆದರೆ ಆಹೇರಿ ಆಹೇರಿಯೇ. ಮೈಕಿನ ತನಕ ತೆವಳಿ, ಒಂದಕ್ಷರ ಬಿಡದೆ ಕೂಗಿದೆ.

ಈ ಸಲ ಚಪ್ಪಾಳೆ ಬರಲಿಲ್ಲ. ನಗು ಕೂಡ ಅರ್ಧ ದಾರಿಗೆ ಬಂದು ನಿಂತಿತು. ಬಿಳಿಯ ಅತಿಥಿ ಪಕ್ಕದವರನ್ನು ಏನೆಂದು ಕೇಳಿದ. ಪಕ್ಕದವರು “ಓಲ್ಡ್ ಕಸ್ಟಮ್” ಎಂದರು. ಸಾಹೇಬರು ಟೋಪನ್ನು ನೆಟ್ಟಗೆ ಮಾಡಿಕೊಂಡು ಹಲ್ಲು ಕಿರಿದರು.

“ಕಾಮೆಡಿ ಸೀನು! ಹಹ್ಹ! ನಮ್ಮ ಉತ್ತರ ಕರ್ನಾಟಕದ ಹಾಸ್ಯಪ್ರಜ್ಞೆ! ಬಂಗಾರೆವ್ವ, ಒಳಗ್ ನಡಿ. ಪರದೆ ಎಳೀರಿ, ಏನ್ ನೋಡ್ತಾ ಇದೀರಾ?”

ಪರದೆಯ ಹಗ್ಗ ಇದ್ದದ್ದು ನೀಲಾಬಾಯಿಯ ಕೈಯಲ್ಲಿ. ಅವಳು ಹಗ್ಗವನ್ನು ಕಂಬಕ್ಕೆ ಸುತ್ತಿ, ಕಸೂತಿಯವಳ ಬೆರಳಿನಿಂದ ಒಂದು ಗಂಟು ಹಾಕಿದಳು. ಆರು ಎಂಜಿನಿಯರಿಂಗ್ ಪದವಿ ಸೇರಿದರೂ ಬಿಚ್ಚಲಾಗದ ಗಂಟು ಅದು.

ಶೈಲಜಾ ಪ್ರತಿಯನ್ನು ಮಡಚಿ ಎದ್ದಳು. “ಡ್ಯಾಡ್,” ಎಂದಳು. ಆ ಹುಡುಗಿಯ ದನಿ ದೊಡ್ಡದಲ್ಲ, ಆದರೆ ಮೈಕು ಆನ್ ಇತ್ತು. “ಡೂ ವೀ ಹ್ಯಾವ್ ಹರ್ ಪಾಸ್‌ಪೋರ್ಟ್?”

“ನಾಟ್ ನೌ, ಶೈಲೂ.”

“ಬಟ್ ಡೂ ವೀ?”

ಬಂಗಾರೆವ್ವ ರಂಗದ ನಡುವೆ ಇದ್ದ ರಟ್ಟಿನ ಚಹಾ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ಪೆಟ್ಟಿಗೆ ಅವಳ ಭಾರಕ್ಕೆ ತುಸು ಕುಸಿದು, ಆಮೇಲೆ ತಾಳಿಕೊಂಡಿತು. ವೆಂಕಟಾಚಲ ಡಾಕ್ಟರು ಮೆಟ್ಟಿಲು ಹತ್ತಿ ಓಡಿ ಬಂದರು.

“ಏಳಮ್ಮಾ, ಏಳು. ಮನೆ ವಿಷಯ ಮನೇಲಿ ಮಾತಾಡ್ಕೊಳ್ಳಿ. ಎಲ್ಲಾ ಹಸಿದಿದಾರೆ, ಊಟದ ಹೊತ್ತು.”

“ಉಣ್ಣಲಿ. ಅಡಿಗಿ ನಾನಾ ಮಾಡೀನಿ, ಬಡಿಸ್ಕೊಂಡು ಉಣ್ರಿ. ಇವರು ಮನಿಗೆ ಹೋಗಿ ನನ್ನ ಪಾಸ್‌ಪೋರ್ಟ ತರಲಿ, ನಾ ಏಳ್ತೀನಿ.”

ಸಾಹೇಬರು ಬಗ್ಗಿದರು. ಟೋಪು ಮುಂದಕ್ಕೆ ಜಾರಿತು. ಹಲ್ಲು ಕಚ್ಚಿ, ಮೆಲ್ಲಗೆ, ಬೆಂಗಳೂರಿನ ಎಲ್ಲ ನಯವನ್ನೂ ಬಿಟ್ಟು ಹೇಳಿದರು. “ಲೇ ರಂಡೆ, ನಿನ್ನ ವೀಸಾ ಮುಗಿದು ಆರು ತಿಂಗಳಾಗಿದೆ ಗೊತ್ತಾ? ಈಗ್ಲೇ ಇಮಿಗ್ರೇಶನ್ನಿಗೆ ಒಂದು ಫೋನ್ ಮಾಡಿದ್ರೆ ನಿನ್ನ ಕೈಗೆ ಕೋಳ ಹಾಕಿ ವಿಮಾನ ಹತ್ತಿಸಿ ಊರಿಗೆ ಅಟ್ತಾರೆ.”

ಬಂಗಾರೆವ್ವ ಅವರ ಮುಖ ನೋಡಿದಳು. ವರ್ಷವಿಡೀ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ; ಈಗ ನಕ್ಕಳು.

“ಊರಿಗೆ ಅಟ್ತಾರೇನ್ರಿ?”

ಸಾಹೇಬರು ಟೋಪನ್ನು ಹಿಂದಕ್ಕೆ ತಳ್ಳಿಕೊಂಡರು.

“ಮತ್ತ ಕರೀರಿ. ನಾ ಕೇಳಾಕ ಹತ್ತಿದ್ದು ಅದನ್ನಾ.” ಅವಳು ಸಭೆಯತ್ತ ತಿರುಗಿದಳು. “ಯಾರರ ಕರೀರಿಪಾ. ಇಷ್ಟು ಮಂದಿ ಕಲ್ತಾವ್ರು ಅದೀರಿ. ಒಂದು ಫೋನ್ ಮಾಡ್ರಿ ನನಗ.”

ಶೇಮ್ ಎಂದು ಕೂಗಿದ ಇನ್ನೂರು ಬಾಯಿಗಳು ಅಲ್ಲೇ ಇದ್ದವು. ಒಬ್ಬರು ವಾಚು ನೋಡಿಕೊಂಡರು. ಇನ್ನೊಬ್ಬರು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ಕಾರಿನ ಬೀಗದ ಕೈ ತೆಗೆದರು. ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಊಟದ ಮೇಜಿನ ಕಡೆ ಸರಿಯತೊಡಗಿದರು, ತಟ್ಟೆಗಳ ಸದ್ದಾಯಿತು. ಫೋನು ಹೋದರೆ ಬರುವವರು ಲಾಕರನ್ನೂ ತೆರೆಯುತ್ತಾರೆ, ಗೋದಾಮನ್ನೂ ತೆರೆಯುತ್ತಾರೆ ಎಂಬ ಲೆಕ್ಕ ಆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ಸಾಹೇಬರಿಗೆ. ಅವರು ಮೆತ್ತಗೆ, “ಬಂಗಾರೆವ್ವ, ನಾಳೆ ಕೂತು ಮಾತಾಡೋಣ ಕಣಮ್ಮ,” ಎಂದರು.

“ಶರಣ್ಯಾ, ನಿನಗ ಇಂಗ್ಲೀಷ್ ಬರತೈತಲ್ಲ?”

ಬರುತ್ತದೆ ಎಂದು ಅಪಾರ್ಟ್‌ಮೆಂಟಿನಲ್ಲಿ ದಿನಾ ಹೇಳುತ್ತಿದ್ದವನು ನಾನೇ. ಬ್ರಿಟಿಷ್ ರಾಣಿ ನನ್ನ ಇಂಗ್ಲಿಷ್ ಕೇಳಿದ್ದರೆ ಭಾರತ ಬಿಟ್ಟು ಹೋಗುತ್ತಲೇ ಇರಲಿಲ್ಲ ಎಂದೂ ಹೇಳಿದ್ದೆ. ಆದರೆ ನನ್ನ ವೀಸಾ ಕೂಡ ಆರು ತಿಂಗಳ ಹಿಂದೆಯೇ ಮುಗಿದಿತ್ತು. ನೀಲಾಬಾಯಿಯದೂ. ನನಗೆ ಊರಿನಲ್ಲಿ ಹಡೆಯುವ ಮಗಳಿರಲಿಲ್ಲ. ಅಂಗಡಿ ಮಾರಿಯೂ ತೀರಿಸಲಾಗದೆ ಬಿಟ್ಟು ಬಂದ ಸಾಲಗಳಿದ್ದವು. ನಾನು ನೀಲಾಬಾಯಿಯ ಕಡೆ ನೋಡಿದೆ. ಅವಳು ಹಗ್ಗದ ಗಂಟಿನ ಮೇಲೆ ಕೈ ಇಟ್ಟುಕೊಂಡೇ, “ನನ್ನ ಮಾರಿ ಏನ್ ನೋಡ್ತಿ ಭಾಡ್ಯಾ? ನಡಿ,” ಎಂದಳು.

ಫೋನು ಹೊರಗಿನ ಪಡಸಾಲೆಯ ಗೋಡೆಗಿತ್ತು. ನಾನು ರಂಗದಿಂದ ಇಳಿದೆ. ಬೂಟಿಗೆ ಪಾಕ ಅಂಟಿ ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು. ಹೊಳೆಯುವ ನೆಲದ ಮೇಲೆ ಹಿಂದೆ ಗರಿಗಳು ಉದುರುತ್ತಿದ್ದವು, ಇನ್ನಷ್ಟು ಬೆನ್ನಿಗೇ ಬೆಂದು ಹಿಡಿದಿದ್ದವು. ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತವರು ತಟ್ಟೆಯನ್ನು ಎದೆಗೆ ಒತ್ತಿಕೊಂಡು ಎರಡು ಕಡೆ ಸರಿದು ದಾರಿ ಬಿಟ್ಟರು. ದೊರೆಯ ಸುಂಕದವನಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು.

ಫೋನಿನ ಮುಂದೆ ನಿಂತು, ಅದಕ್ಕೆ ಹಾಕುವ ಚಿಲ್ಲರೆಗಾಗಿ ಜೇಬು ತಡಕಿದೆ. ದೊರೆ ಹೊಲಿಸಿದ ಕೋಟಿಗೆ ಜೇಬೇ ಇರಲಿಲ್ಲ. ಹಿಂದಿನಿಂದ ಸಾಹೇಬರು ಓಡಿ ಬರುತ್ತಿದ್ದ ಬೂಟಿನ ಸದ್ದು. ಅದಕ್ಕಿಂತ ಮೊದಲು ಶೈಲಜಾ ಬಂದು ನನ್ನ ಪಕ್ಕ ನಿಂತಿದ್ದಳು, ಮುಖ ಬಿಳಿಚಿ, ಕೈ ಕಟ್ಟಿಕೊಂಡು. ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಯು ಡೋಂಟ್ ನೀಡ್ ಮನಿ ಫಾರ್ ದಿ ಆಪರೇಟರ್,” ಎಂದಳು. “ಜಸ್ಟ್ ಪ್ರೆಸ್ ಝೀರೋ.”

ಒತ್ತಿದೆ. ಬೆಲ್ಲದ ಬೆರಳು ಗುಂಡಿಗೆ ಅಂಟಿಕೊಂಡಿತು. ಕಿವಿಯಲ್ಲಿ ಒಬ್ಬ ಹೆಂಗಸು ಏನು ಬೇಕೆಂದು ಕೇಳಿದಳು.